ಜೇಬುಗಳ್ಳತನಕ್ಕೆ ಅಂಕವಿದೆ, ಅಡುಗೆಗೆ ಇಲ್ಲ!

'ಸ್ಕೈರಿಮ್' ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಇದು 'ದಿ ಎಲ್ಡರ್ ಸ್ಕ್ರೋಲ್ಸ್' ಎಂಬ ವಿಡಿಯೋ ಗೇಮ್ ಸರಣಿಯ ಐದನೆಯ ಆಟ. ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರ ನವೆಂಬರ್‌ನಲ್ಲಿ ಇದನ್ನು ಬಿಡುಗಡೆ ಮಾಡಿತು. ಆಡಲು ಕಂಪ್ಯೂಟರೋ ಪ್ಲೇಸ್ಟೇಷನ್‌ನಂಥ ಆಟದ ಯಂತ್ರವೋ ಬೇಕು. ಅದಿಲ್ಲದವರು ಬೇರೆಯವರು ಆಡುವುದನ್ನು ಯೂಟ್ಯೂಬಿನಲ್ಲಿ ನೋಡುತ್ತಾರೆ. ಹಿಮದ ನಾಡು, ಬೆಂಕಿ ಉಗುಳುವ ಡ್ರ್ಯಾಗನ್, ಕತ್ತಿ ಗುರಾಣಿ ಎಲ್ಲ ಇವೆ. ನಾವು ಇವತ್ತು ಮಾತಾಡುವುದು ಮಾತ್ರ ಅದರಲ್ಲಿ ಬರುವ ತರಕಾರಿ ಸೂಪ್ ಬಗ್ಗೆ.

ಈ ಸೂಪಿಗೆ ನಾಲ್ಕೇ ಸಾಮಾನು: ಒಂದು ಎಲೆಕೋಸು, ಒಂದು ಆಲೂಗಡ್ಡೆ, ಒಂದು ಟೊಮೆಟೊ, ಮತ್ತೆ ಈರುಳ್ಳಿ ಜಾತಿಯ ಲೀಕ್ ಒಂದು. ಇವನ್ನು ಹಸಿಯಾಗಿ ತಿಂದರೆ ಆಟಗಾರನಿಗೆ ಸಿಗುವ ಲಾಭ ಅಷ್ಟಕ್ಕಷ್ಟೆ. ಸೂಪ್ ಮಾಡಿ ಕುಡಿದರೆ 720 ಸೆಕೆಂಡು, ಅಂದರೆ 12 ನಿಮಿಷ, ಪ್ರತಿ ಸೆಕೆಂಡಿಗೂ ಒಂದೊಂದು ಅಂಕ ಆರೋಗ್ಯ ಮತ್ತು ದಮ್ಮು ಮರಳುತ್ತಾ ಇರುತ್ತದೆ. ಈ ಆಟದಲ್ಲಿ ದಮ್ಮು ಚೂರು ಉಳಿದಿದ್ದರೂ ಸಾಕು, ಜೋರಿನ ಏಟು ಹೊಡೆಯಬಹುದು. ಹಾಗಾಗಿ ಸೂಪ್ ಕುಡಿದವನು ಏಟಿನ ಮೇಲೆ ಏಟು ಹಾಕುತ್ತಾ ಹೋಗಬಹುದು. ಆಟದ ಒಳಗುಟ್ಟು ಬಲ್ಲವರು ದುಬಾರಿ ಮದ್ದಿಗಿಂತ ಇದನ್ನೇ ನೆಚ್ಚುತ್ತಾರೆ.

ಹೊಲದ ಬೆಳೆಗೆ, ಬೇಯಿಸಿದ ಊಟಕ್ಕೆ ಇಷ್ಟು ಬೆಲೆ ಕೊಟ್ಟಿರುವುದು ನಮಗೆ ಇಷ್ಟವಾಯಿತು. ನಮ್ಮ ತಕರಾರು ಇರುವುದು ಬೇರೆ ಕಡೆ.

ಸ್ಕೈರಿಮ್‌ನಲ್ಲಿ 18 ಕೌಶಲಗಳಿವೆ. ಕತ್ತಿ ಮಾಡಿದರೆ ಕಮ್ಮಾರಿಕೆ ಏರುತ್ತದೆ. ಸೊಪ್ಪು ಬೇರು ಬೆರೆಸಿ ಮದ್ದು ಮಾಡಿದರೆ ಮದ್ದಿನ ವಿದ್ಯೆ ಏರುತ್ತದೆ. ಬೀಗ ತೆಗೆಯುವುದೂ ಕೌಶಲ, ಜೇಬಿಗೆ ಕೈ ಹಾಕುವುದೂ ಕೌಶಲ. ಅಡುಗೆ ಮಾತ್ರ ಆ ಪಟ್ಟಿಯಲ್ಲಿಲ್ಲ. ಸಾವಿರ ಸಲ ಸೂಪ್ ಮಾಡಿದರೂ ಮಾಡಿದವರ ಲೆಕ್ಕಕ್ಕೆ ಒಂದಂಕವೂ ಸೇರುವುದಿಲ್ಲ. ಸೌದೆ ಬೇಡ, ನೀರು ಬೇಡ, ಕಾಯುವುದು ಬೇಡ. ಗುಂಡಿ ಒತ್ತಿದರೆ ಸೂಪ್ ರೆಡಿ. ಮದ್ದು ಬೆರೆಸುವುದು ವಿದ್ಯೆಯಾದರೆ ತರಕಾರಿ ಬೇಯಿಸುವುದು ಯಾಕಲ್ಲ?

'ಆಟ ತಾನೇ, ಬಿಡಿ' ಎನ್ನಬಹುದು. ಆದರೆ ಇದೇ ಸರಣಿಯಲ್ಲಿ 2014ರಲ್ಲಿ ಬಂದ ಆನ್‌ಲೈನ್ ಆಟದಲ್ಲಿ ಅಡುಗೆಗೆ ತನ್ನದೇ ಕೌಶಲದ ಸಾಲು ಇದೆ. ಅಡುಗೆಯ ವಿಧಾನಗಳನ್ನು ಹುಡುಕಿ ಕಲಿಯಬೇಕು, ಮಾಡುತ್ತಾ ಮಾಡುತ್ತಾ ಮೇಲೇರಬೇಕು. ಅಂದರೆ ಲೆಕ್ಕ ಇಡಬೇಕು ಅಂತ ಮನಸ್ಸು ಮಾಡಿದರೆ ಇಡಬಹುದು.

ಆಟದ ಹೊರಗೂ ಇದೇ ಕಥೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆಯ ದುಡಿಮೆ. ಆದರೂ ಯಾರಾದರೂ ಕೇಳಿದರೆ 'ಅಮ್ಮ ಏನೂ ಮಾಡಲ್ಲ, ಮನೇಲೇ ಇರ್ತಾರೆ' ಎಂದುಬಿಡುತ್ತೇವೆ.

ಆಟ ಆಡಬೇಡಿ ಎಂದು ನಾವು ಹೇಳುತ್ತಿಲ್ಲ. ಆಡಿ, ಸೂಪನ್ನೂ ಕುಡಿಯಿರಿ. ಆದರೆ ಗೆದ್ದವನ ಕತ್ತಿಯ ಜೊತೆಗೆ ಅವನಿಗೆ ದಮ್ಮು ಕೊಟ್ಟ ಬಟ್ಟಲನ್ನೂ ನೋಡಿ. ಇನ್ನು ಮುಂದೆ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಜಾಗ ಬಂದರೆ 'ಏನೂ ಇಲ್ಲ' ಎಂದು ಬರೆಯುವುದನ್ನು ಬಿಡೋಣ. ಅಂಕ ಕೊಡದಿದ್ದದ್ದು ಆಟ ಮಾಡಿದವರು. ಮನೆಯಲ್ಲಿ ಅಂಕ ಕೊಡಬೇಕಾದವರು ನಾವೇ.