ಸಾಲ ಕೊಡಿಸುವವರ ಉಚಿತ ಸೇವೆ

"ನೀವು ಒಂದು ರೂಪಾಯಿಯನ್ನೂ ಕೊಡುವುದು ಬೇಡ, ಎಲ್ಲವನ್ನೂ ನಾನೇ ಮಾಡಿಸಿಕೊಡುತ್ತೇನೆ." ಹಳೆಯ ಮನೆ ಮಾರಿ ಹೊಸ ಮನೆಗೆ ಹೊರಟವರ ಕಿವಿಗೆ ಮೊದಲು ಬೀಳುವ ಮಾತು ಇದು. ಹೇಳುವವನು ಗೃಹಸಾಲದ ಏಜೆಂಟ್. ಬ್ಯಾಂಕಿನವರು ಅವನನ್ನು ಡಿಎಸ್‌ಎ ಎನ್ನುತ್ತಾರೆ, ಜನ ಲೋನ್ ಬ್ರೋಕರ್ ಎನ್ನುತ್ತಾರೆ. ತೊಂಡೆಕಾಯಿ ಕೊಳ್ಳುವಾಗ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು, ಇಪ್ಪತ್ತು ವರ್ಷದ ಸಾಲ ಕೊಡಿಸುವವನ ಸಂಪಾದನೆ ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳುವುದಿಲ್ಲ.

ಅವನಿಗೆ ಕಮಿಷನ್ ಕೊಡುವುದು ಸಾಲ ಕೊಡುವ ಬ್ಯಾಂಕು. ಅದೂ ಸಾಮಾನ್ಯವಾಗಿ ಸಾಲದ ಮೊತ್ತದ ಮೇಲೆ. ಹಾಗಿರುವಾಗ ನಿಮ್ಮ ಸಾಲ ಚಿಕ್ಕದಾಗಲಿ ಎಂದು ಅವನು ಯಾಕೆ ಬಯಸಬೇಕು? "ಹೇಗೂ ಅರ್ಹತೆ ಇದೆ, ಇನ್ನೊಂದು ಐದು ಲಕ್ಷ ತೆಗೆದುಬಿಡಿ ಸಾರ್, ಇಂಟೀರಿಯರ್‌ಗೆ ಆಗುತ್ತದೆ" ಎಂಬ ಸಲಹೆಯ ಬೇರು ಇಲ್ಲಿದೆ. ಶೇಕಡಾ 8.5ರ ಬಡ್ಡಿಯಲ್ಲಿ, 20 ವರ್ಷದ ಅವಧಿಗೆ, ಆ ಐದು ಲಕ್ಷಕ್ಕೆ ನಾವು ತೀರಿಸುವುದು ಸುಮಾರು 10 ಲಕ್ಷ 41 ಸಾವಿರ. 40 ಲಕ್ಷದ ಸಾಲದಲ್ಲಿ ಬಡ್ಡಿ 8.5ರ ಬದಲು 9 ಆದರೆ ತಿಂಗಳ ಕಂತು ಹೆಚ್ಚುವುದು ಬರೀ 1,276 ರೂಪಾಯಿ. ಕೇಳಲು ಏನೂ ಅಲ್ಲ. 240 ಕಂತಿಗೆ ಗುಣಿಸಿದರೆ ಮೂರು ಲಕ್ಷ ದಾಟುತ್ತದೆ. ಉಚಿತ ಸೇವೆಯ ಬೆಲೆ ಈ ಲೆಕ್ಕದೊಳಗೆ ಅಡಗಿ ಕೂರಬಲ್ಲದು.

ಬಡ್ಡಿಯ ಸಾಲವೇ ಬೇಡ ಎಂದು ದೂರ ನಿಲ್ಲುವ ಓದುಗರು ನಮ್ಮಲ್ಲಿ ಅನೇಕರಿದ್ದಾರೆ. ಅವರ ನಿಲುವನ್ನು ನಾವು ಗೌರವಿಸುತ್ತೇವೆ. ಈ ಮಾತು ಸಾಲ ಮಾಡಲು ನಿರ್ಧರಿಸಿ ಆದವರಿಗೆ.

ಬ್ರಿಟನ್ನಿನಲ್ಲಿ ಇಂಥ ದಲ್ಲಾಳಿಗಳು 2004ರಿಂದ ಹಣಕಾಸು ನಿಯಂತ್ರಕ ಸಂಸ್ಥೆಯ ಹಿಡಿತದಲ್ಲಿದ್ದಾರೆ. ತಮಗೆ ಹಣ ಬರುವ ಬಗೆಯನ್ನು ಗಿರಾಕಿಗೆ ತಿಳಿಸಬೇಕು. ನಮ್ಮಲ್ಲಿ ಅವನು ನಮ್ಮ ಸಲಹೆಗಾರನೇ ಅಲ್ಲ, ಬ್ಯಾಂಕಿನ ಪ್ರತಿನಿಧಿ. ಆದರೂ ಅವನನ್ನು ನಮ್ಮ ಕಡೆಯವನೆಂದು ನಂಬಿ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಅವನು ಅದನ್ನು ನಾಲ್ಕು ಬ್ಯಾಂಕಿಗೆ ಹಾಕುತ್ತಾನೆ. ಪ್ರತಿ ಬ್ಯಾಂಕೂ ನಮ್ಮ ಸಾಲದ ಚರಿತ್ರೆಯನ್ನು ತೆಗೆದು ನೋಡುತ್ತದೆ. ಕಡಿಮೆ ಸಮಯದಲ್ಲಿ ಹೀಗೆ ಪದೇ ಪದೇ ನೋಡಿದರೆ ಅಂಕ ಇಳಿಯಬಹುದು ಎಂದು ಯಾರೂ ಹೇಳಿರುವುದಿಲ್ಲ.

ಹಾಗಾದರೆ ಜನ ದಡ್ಡರೇ? ಖಂಡಿತ ಅಲ್ಲ. ಸಂಬಳದ ಚೀಟಿ ಇಲ್ಲದ ಗುಜರಿ ವ್ಯಾಪಾರಿ, ಮೀನಿನ ಸಗಟು ವ್ಯವಹಾರದವನು, ಗಲ್ಫಿನಿಂದ ಮರಳಿ ಅಂಗಡಿ ಇಟ್ಟವನು ಬ್ಯಾಂಕಿನ ಮೇಜಿನ ಮುಂದೆ ನಿಂತಾಗ ಸಿಗುವ ಉತ್ತರ "ನಾಳೆ ಬನ್ನಿ". ಬಡಾವಣೆಯ ಹೆಸರು ಕೇಳಿದ ಕೂಡಲೇ ಮುಖಭಾವ ಬದಲಾಗುವುದೂ ಉಂಟು. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು 'ಋಣಾತ್ಮಕ ವಲಯ'ಗಳೆಂದು ಗುರುತಿಸಿ ಅಲ್ಲಿ ಸುಲಭವಾಗಿ ಸಾಲ ಕೊಡುವುದಿಲ್ಲ ಎಂದು 2006ರಲ್ಲೇ ಸಾಚಾರ್ ಸಮಿತಿಯ ವರದಿ ದಾಖಲಿಸಿತ್ತು. ಬ್ಯಾಂಕು ಬಾಗಿಲು ಮುಚ್ಚಿದಲ್ಲಿ ದಲ್ಲಾಳಿ ಕಿಟಕಿ ತೆರೆಯುತ್ತಾನೆ. ಯಾವ ಬ್ಯಾಂಕು ಆದಾಯ ತೆರಿಗೆ ಲೆಕ್ಕಪತ್ರಕ್ಕೆ ಒಪ್ಪುತ್ತದೆ, ಯಾವುದು ಬಿ ಖಾತೆ ಎಂದೊಡನೆ ಕಡತ ಮುಚ್ಚುತ್ತದೆ ಎಂಬುದು ಅವನಿಗೆ ಗೊತ್ತು. ಆ ತಿಳಿವಳಿಕೆಗೆ ಬೆಲೆ ಇದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಅಂಥವರು ಅವನ ನೆರವು ಪಡೆಯಲಿ. ಆದರೆ ನಿಮಗೆ ಯಾವ ಬ್ಯಾಂಕಿನಿಂದ ಎಷ್ಟು ಬರುತ್ತದೆ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಲಿ. ಖಾಲಿ ಅರ್ಜಿಗೆ ಸಹಿ ಹಾಕುವುದು ಬೇಡ, ಅವನ ಖಾತೆಗೆ 'ಫೈಲ್ ಖರ್ಚು' ಹಾಕುವುದೂ ಬೇಡ.

ತಿಂಗಳ ಸಂಬಳ ಬರುವ ಶಿಕ್ಷಕರು, ಸರಕಾರಿ ನೌಕರರು, ಕಂಪೆನಿ ನೌಕರರು ಯಾಕೆ ಅವನ ಹಿಂದೆ ಹೋಗುತ್ತಾರೆ ಎಂಬುದೇ ನಮಗೆ ಅರ್ಥವಾಗದ ಸಂಗತಿ. ಇವರಿಗೆ ಸಂಬಳದ ಖಾತೆ ಇರುವ ಬ್ಯಾಂಕು ಮತ್ತು ಇನ್ನೆರಡು ಬ್ಯಾಂಕುಗಳಿಗೆ ಒಂದು ರಜೆಯ ದಿನ ಹೋಗಿ ಬರುವುದು ಸಾಕು. ಹಳೆಯ ಮನೆಯ ಮೇಲೆ ಸಾಲ ಉಳಿದಿದ್ದರೆ ಅದೇ ಬ್ಯಾಂಕಿನಿಂದ ಆರಂಭಿಸಬೇಕು. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಸಾಲ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಮರಳಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಮನೆ ಬದಲಿಸುವವನಿಗೆ ಪ್ರಾಣವಾಯುವಿನಂತಿರುವ ಈ ಎರಡು ವಿಷಯಗಳನ್ನು ಹೇಳಿದರೆ ಏಜೆಂಟನಿಗೆ ಕಮಿಷನ್ ಹುಟ್ಟುವುದಿಲ್ಲವಲ್ಲ!

2024ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲಕ್ಕೆ 'ಪ್ರಮುಖ ಸಂಗತಿಗಳ ಹೇಳಿಕೆ' ಎಂಬ ಪತ್ರವನ್ನು ಬ್ಯಾಂಕು ಕೊಡಲೇಬೇಕು. ಬಡ್ಡಿ, ಸಂಸ್ಕರಣಾ ಶುಲ್ಕ, ಕಾನೂನು ಪರಿಶೀಲನೆ, ತಲೆಗೆ ಕಟ್ಟುವ ವಿಮೆ ಎಲ್ಲವೂ ಸೇರಿ ನಿಜವಾದ ವಾರ್ಷಿಕ ದರ ಎಷ್ಟೆಂದು ಅದರಲ್ಲಿರುತ್ತದೆ. ಮೂರು ಬ್ಯಾಂಕಿನ ಮೂರು ಪತ್ರ ಮುಂದಿಟ್ಟುಕೊಂಡರೆ ಯಾವುದು ಅಗ್ಗವೆಂದು ಹತ್ತನೇ ತರಗತಿಯ ಮಗಳೂ ಹೇಳಬಲ್ಲಳು. ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವೂ ಇದೆ. "ಇವತ್ತೇ ಸಹಿ ಹಾಕಿ, ನಾಳೆ ದರ ಏರುತ್ತದೆ" ಎನ್ನುವವನಿಗೆ ಈ ನಿಯಮ ತೋರಿಸಿ. ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದೂ ರಿಸರ್ವ್ ಬ್ಯಾಂಕ್ ಹೇಳಿದೆ. ಆದ್ದರಿಂದ ಶಾಖೆಗೆ ಹೋದಾಗ ಇಂಗ್ಲಿಷ್ ಹಾಳೆಯನ್ನು ಮರಳಿಸಿ, ಕನ್ನಡದಲ್ಲಿ ಕೊಡಿ ಎಂದು ಕೇಳಿರಿ.