ರಕ್ತ ಕೊಟ್ಟಾಯ್ತು, ರಿಪೋರ್ಟ್ ಎಲ್ಲಿ ಸ್ವಾಮಿ?

ಚಳಿ ಬಿತ್ತೆಂದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಎರಡೇ ಮಾತು. ಒಂದು ಅಡಿಕೆ ಧಾರಣೆ, ಇನ್ನೊಂದು ಮಂಗ ಎಲ್ಲಿ ಸತ್ತಿತು ಅನ್ನೋದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ರೋಗ ಇದು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ನಮ್ಮ ಕಾಡಿನ ಹೆಸರು ಅಚ್ಚಾಗಿದೆ. ಹೆಮ್ಮೆಪಡುವ ಸಂಗತಿಯೇನಲ್ಲ ಬಿಡಿ.

ಮಂಗನ ಕಾಯಿಲೆಯೋ ಡೆಂಗ್ಯೂವೋ ಅಂತ ಮೊದಲ ದಿನಗಳಲ್ಲಿ ಡಾಕ್ಟರಿಗೇ ಹೇಳೋದು ಕಷ್ಟ. ಜ್ವರ, ತಲೆನೋವು, ಮೈಕೈ ನೋವು ಎರಡರಲ್ಲೂ ಇರುತ್ತೆ. ರಕ್ತವೇ ಹೇಳಬೇಕು. ಅದಕ್ಕೂ ಒಂದು ಲೆಕ್ಕವಿದೆ. ಜ್ವರದ ಮೊದಲ ದಿನಗಳಲ್ಲಾದರೆ ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ಸೇ ಸಿಗುತ್ತೆ. ತಡವಾದರೆ ಎಲಿಸಾ ಪರೀಕ್ಷೆ ಮಾಡಿ ಅದರ ಹೆಜ್ಜೆಗುರುತು ಹುಡುಕಬೇಕು. ಒಂದು ನೆಗೆಟಿವ್ ಚೀಟಿ ಕೈಗಿಟ್ಟು ಮನೆಗೆ ಹೋಗಿ ಅಂದರೆ ಕೆಲಸ ಮುಗಿಯಲಿಲ್ಲ.

ಔಷಧಿಯೇ ಇಲ್ಲದ ರೋಗಕ್ಕೆ ರಿಪೋರ್ಟ್ ಯಾಕೆ ಅನ್ನುವವರಿದ್ದಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ನಿಜ. ಇದ್ದ ಲಸಿಕೆಯ ತಯಾರಿಕೆಯೂ 2022ರಲ್ಲಿ ನಿಂತಿತು. ಅದಕ್ಕೇ ರಿಪೋರ್ಟಿಗೆ ಇನ್ನಷ್ಟು ಬೆಲೆ. ಬೇಗ ಗೊತ್ತಾದರೆ ರೋಗಿಯನ್ನು ಆಸ್ಪತ್ರೆಯಲ್ಲಿಟ್ಟು ರಕ್ತಸ್ರಾವದ ಮೇಲೆ ಕಣ್ಣಿಡಬಹುದು. ಅದಕ್ಕಿಂತ ದೊಡ್ಡದು ಊರಿಗೆ ಸಿಗುವ ಎಚ್ಚರಿಕೆ: ಆ ಕಾಡಿಗೆ ಹೋಗಬೇಡಿ, ದರಗು ತರಬೇಡಿ, ಹೋಗಲೇಬೇಕಾದರೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗನ ಸುತ್ತಮುತ್ತ ಹಿಡಿದ ಉಣುಗಿನಲ್ಲಿ ವೈರಸ್ ಸಿಕ್ಕರಂತೂ ಮನುಷ್ಯರಿಗೆ ಜ್ವರ ಬರುವ ಮೊದಲೇ ಈ ಮಾತು ಹೇಳಬಹುದು. ರಿಪೋರ್ಟ್ ತಡವಾದಷ್ಟು ದಿನ ಜನ ಅದೇ ಕಾಡಿಗೆ ಹೋಗಿಬರ್ತಾರೆ.

ಕೋವಿಡ್ ಕಾಲದಲ್ಲೂ ಇದೇ ಕತೆ ನೋಡಿದ್ದೇವೆ. ದೇಶದಲ್ಲಿ ಅದಕ್ಕೆ ಮೊದಲು ಬಲಿಯಾದವರು ಕಲಬುರಗಿಯ ವೃದ್ಧರು, 2020ರ ಮಾರ್ಚ್ 10ರಂದು. ಕೋವಿಡ್ ಹೌದು ಅಂತ ಪ್ರಕಟವಾದದ್ದು 12ರಂದು. ಆಮೇಲೆ ಜಿಲ್ಲೆಜಿಲ್ಲೆಗೂ ಪಿಸಿಆರ್ ಯಂತ್ರ ಬಂತು. ಮನಸ್ಸು ಮಾಡಿದರೆ ಆಗುತ್ತೆ ಅಂತಾಯ್ತಲ್ಲ!

ಶಿವಮೊಗ್ಗದಲ್ಲಿ ವೈರಸ್ ಪತ್ತೆ ಪ್ರಯೋಗಾಲಯ ಇದೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಯಂತ್ರ ತಾನಾಗಿ ಪರೀಕ್ಷೆ ಮಾಡಲ್ಲ. ಕಾಯಂ ಟೆಕ್ನೀಷಿಯನ್ ಬೇಕು, ಕಿಟ್ ಖಾಲಿಯಾಗುವ ಮುಂಚೆ ಹೊಸದು ಬರಬೇಕು, ತಾಲೂಕಿನಿಂದ ಐಸ್ ಡಬ್ಬದಲ್ಲಿ ರಕ್ತ ತರಲು ಗಾಡಿ ಬೇಕು, ಕರೆಂಟ್ ಹೋದರೆ ಜನರೇಟರಿಗೆ ಡೀಸೆಲ್ ಬೇಕು. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕೆ? ದೀಪಾವಳಿಯ ಪಟಾಕಿಯನ್ನು ದೀಪಾವಳಿ ಬೆಳಗ್ಗೆ ತರಿಸುವ ವ್ಯಾಪಾರಿ ಎಲ್ಲಾದರೂ ಇದ್ದಾನೆಯೇ? ಡಿಸೆಂಬರಿಂದ ಮೇವರೆಗೆ ಈ ರೋಗದ ಕಾಲ ಅನ್ನೋದು ಇಲಾಖೆಗೆ ಹೊಸ ಸುದ್ದಿಯಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವಾದಾಗ ಇಡೀ ರಾಜ್ಯ ಇತ್ತ ತಿರುಗಿ ನೋಡಿತು. ಮಳೆ ಬಿದ್ದು ರೋಗ ಇಳಿಯಿತು, ಗದ್ದಲವೂ ಇಳಿಯಿತು.

ಜಿಲ್ಲಾಡಳಿತ ಅಕ್ಟೋಬರಿನಲ್ಲೇ ಪ್ರತಿ ತಾಲೂಕು ಆಸ್ಪತ್ರೆಯ ಬಾಗಿಲಿಗೆ ಒಂದು ಬೋರ್ಡ್ ಹಾಕಲಿ. ಪ್ರಯೋಗಾಲಯದಲ್ಲಿ ಹುದ್ದೆ ಎಷ್ಟು, ಖಾಲಿ ಎಷ್ಟು, ಕಿಟ್ ಎಷ್ಟಿದೆ, ರಕ್ತ ಕೊಟ್ಟ ಎಷ್ಟು ಗಂಟೆಗೆ ರಿಪೋರ್ಟ್ ಕೊಡ್ತೀರಿ, ಎಲ್ಲ ಬರೆಯಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲೂ ಒಂದೊಂದು ಇರಲಿ, ಬಸ್ ಹೊರಡುವ ವೇಳೆ ಬರೆದಿರುತ್ತಲ್ಲ, ಅದರ ಪಕ್ಕದಲ್ಲೇ.