ಹಳೆಯ ಜೀಪನ್ನು ಕೊಳ್ಳುವವರು ಯೋಚಿಸತಕ್ಕ ವಿಷಯ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಗ್ರಾಮಗಳಲ್ಲಿ ಮಳೆ ಹಿಡಿದೊಡನೆ ಬಂಡಿದಾರಿಗಳು ಕೆಸರಾಗಿ, ಅರಿಸಿನ, ಬಾಳೆ, ಚೆಂಡುಹೂವುಗಳನ್ನು ಹೊಲದಿಂದ ಗುಂಡ್ಲುಪೇಟೆಗೆ ಸಾಗಿಸುವುದು ಪ್ರಯಾಸಕರವಾಗುತ್ತದೆ. ನಾಲ್ಕು ಚಕ್ರಗಳಿಗೂ ಎಳೆತವುಳ್ಳ ಜೀಪು ಇಂಥಲ್ಲಿ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸದರ ಬೆಲೆಗೆ ಅಂಜಿ ಹಳೆಯದನ್ನು ಕೊಳ್ಳುವವರು ಮೇಲಿನ ಬಣ್ಣಕ್ಕೆ ಮರುಳಾಗುವುದು ಶೋಚನೀಯವು.

ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿಗಳನ್ನು ನೋಡುವ ರೈತನು ಜೀಪಿನ ಅಡಿಯನ್ನು ಬಗ್ಗಿ ನೋಡದಿರುವುದೇಕೆ? ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ತುಕ್ಕನ್ನು ಪರೀಕ್ಷಿಸಬೇಕು. ಹೊಸ ಬೆಸುಗೆ ಕಂಡರೆ ಕಾರಣವನ್ನು ಕೇಳಬೇಕು. ನಾಲ್ಕು ಚಕ್ರದ ಎಳೆತವನ್ನು ಉತ್ತ ಹೊಲದಲ್ಲಿಯೇ ಪರೀಕ್ಷಿಸತಕ್ಕದ್ದು. ಹಳೆಯ ಮಾದರಿಯ ಜೀಪುಗಳಲ್ಲಿ ಅದನ್ನು ಹಾಕಿ ಡಾಂಬರು ರಸ್ತೆಯ ಮೇಲೆ ತಿರುಗಿಸಿದರೆ, ಮುಂದಿನ ಹಿಂದಿನ ಅಚ್ಚುಗಳು ಒಂದಕ್ಕೊಂದು ಸೆಣಸಿ ಹಲ್ಲುಚಕ್ರಗಳು ಕೆಡುತ್ತವೆ.

ಯಂತ್ರಕ್ಕಿಂತಲೂ ಕಾಗದಪತ್ರಗಳ ದೋಷವು ಹೆಚ್ಚು ಅಪಾಯಕರವು. ಖಾಸಗಿ ವಾಹನದ ನೋಂದಣಿಯು 15 ವರ್ಷಗಳಿಗೆ ಮುಗಿಯುವುದು. ಅನಂತರ 5 ವರ್ಷಕ್ಕೊಮ್ಮೆ ಪರೀಕ್ಷೆಗೊಳಪಡಿಸಿ ನವೀಕರಿಸಬೇಕು. ಚಾಸಿಯ ಸಂಖ್ಯೆಯು ನೋಂದಣಿ ಪತ್ರದೊಡನೆ ತಾಳೆಯಾಗಬೇಕು. ವಯನಾಡು, ನೀಲಗಿರಿಗಳಿಂದ ತಂದ ಜೀಪಿಗೆ ಅಲ್ಲಿನ ಸಾರಿಗೆ ಕಛೇರಿಯ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳು ಮೀರಿ ಇಲ್ಲಿಯೇ ಇಟ್ಟುಕೊಂಡರೆ ಕರ್ನಾಟಕದ ನೋಂದಣಿಯೂ ತೆರಿಗೆಯೂ ತಪ್ಪವು. ಈ ವೆಚ್ಚವನ್ನು ಲೆಕ್ಕಿಸದೆ ಅಗ್ಗವೆನ್ನುವುದು ಭ್ರಾಂತಿಯೇ ಸರಿ.

ಮಾರುವವರಿಗೂ ಎಚ್ಚರಿಕೆ ಅವಶ್ಯವು. ಹಣ ಪಡೆದು, ನಮೂನೆಗಳಿಗೆ ರುಜು ಹಾಕಿ, ನಿಶ್ಚಿಂತರಾಗುವ ಹಿಡುವಳಿದಾರರು ಅನೇಕರು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದೂ, ವಾಹನವು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಪರರು ಮಾಡಿದ ಅಪಘಾತಕ್ಕೆ ಮಾರಿದವನ ಜಮೀನು ಹರಾಜಿಗೆ ಬರುವಂತಾಗಬಾರದು.

ಜೀಪು ಇದ್ದ ಮಾತ್ರಕ್ಕೆ ಬಂಡೀಪುರದ ಕಾಡಿನೊಳಗೆ ಪ್ರವೇಶಿಸುವ ಹಕ್ಕು ಬರುವುದಿಲ್ಲ. ಗೋಪಾಲಸ್ವಾಮಿಯ ದರ್ಶನಕ್ಕೂ ಖಾಸಗಿ ವಾಹನವನ್ನು ಅಡಿವಾರದಲ್ಲಿಯೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕು. ವರ್ಷದಲ್ಲಿ ಕೆಲವೇ ದಿನಗಳ ಕೆಸರಿಗಾಗಿ ಜೀಪು ಬೇಕೆನ್ನುವವರಿಗೆ ಬಾಡಿಗೆಯ ಟ್ರಾಕ್ಟರೇ ಮೇಲು. ನಿತ್ಯವೂ ಕೆಲಸವುಳ್ಳವರು ಅವಶ್ಯವಾಗಿ ಕೊಳ್ಳಲಿ. ಆದರೆ ಹೆಸರಿನ ವರ್ಗಾವಣೆ ಮುಗಿಯುವವರೆಗೆ ಪೂರ್ತಿ ಹಣವನ್ನು ಕೊಡದಿರಲಿ. ಬಿಳಿಯ ಕಾಗದದ ಮೇಲಿನ ಕ್ರಯಕ್ಕೆ ಸಾಕ್ಷಿ ಹಾಕಲು ಗ್ರಾಮದ ಯಜಮಾನರು ಒಪ್ಪದಿದ್ದರೆ, ಎಷ್ಟೋ ಕುಟುಂಬಗಳು ಮುಂದಿನ ವ್ಯಾಜ್ಯಗಳಿಂದ ಪಾರಾಗುವುವು.